ಮೀನಿನ ಬಾಗಿಲು

ನರಸಿಂಹರಾಜಪುರದ ಮಾರ್ಕೆಟ್ ಕಟ್ಟಡಕ್ಕೆ ಎರಡು ಬಾಗಿಲು. ಒಂದು ಹೂವಿನ ಅಂಗಡಿಗಳ ಕಡೆಯದು, ಇನ್ನೊಂದು ಒಣಮೀನಿನ ಕಡೆಯದು. ಬಸ್‌ಸ್ಟ್ಯಾಂಡಿಗೆ ಹತ್ತಿರವಾದದ್ದು ಮೀನಿನ ಬಾಗಿಲು. ಆದರೂ ನಮ್ಮ ಮನೆಯವರು ಯಾರೂ ಅದರಲ್ಲಿ ಕಾಲಿಟ್ಟವರಲ್ಲ. ಬಸ್ಸಿಳಿದು, ಕಟ್ಟಡಕ್ಕೆ ಪೂರ್ತಿ ಒಂದು ಸುತ್ತು ಹಾಕಿ, ಸೈಕಲ್ ರಿಪೇರಿಯವನ ಪಕ್ಕದ ಗಲ್ಲಿಯಲ್ಲಿ ನುಸುಳಿ, ಹೂವಿನ ಬಾಗಿಲಲ್ಲಿ ಒಳಗೆ ಹೋಗುವುದು. ಬರುವಾಗಲೂ ಅದೇ ದಾರಿ. ಹೀಗೇ ಹೋಗಬೇಕೆಂದು ಯಾರೂ ಕೂತು ಕಾನೂನು ಮಾಡಿರಲಿಲ್ಲ. ನಮ್ಮತ್ತೆ ಹಾಗೆ ಹೋಗುತ್ತಿದ್ದರು, ಅವರ ಹಿಂದೆ ನಾನು ಹೋದೆ, ನನ್ನ ಹಿಂದೆ ನನ್ನ ಮಕ್ಕಳು ಹೊರಟರು. ಮೀನಿನ ಬಾಗಿಲು ಕಂಡ ಕೂಡಲೆ ಮೂಗು ಹಿಡಿದುಕೊಳ್ಳುವುದನ್ನು ನನ್ನ ಮಗಳು ಯಾರೂ ಹೇಳಿಕೊಡದೆ ಕಲಿತಳು.

ಮೂಗು ಹಿಡಿದುಕೊಳ್ಳುವ ಅಗತ್ಯವಿಲ್ಲದವಳು ನಾನೊಬ್ಬಳೇ. ಮೂರು ವರ್ಷದ ಹಿಂದೆ ಬಂದ ಒಂದು ಜ್ವರ, ಹೋಗುವಾಗ ನನ್ನ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಗಿತ್ತು. ಮಲ್ಲಿಗೆ, ಹಿಂಗು, ಸೀದ ಹಾಲು, ಕೊಟ್ಟಿಗೆಯ ಗಂಜಲ ಎಲ್ಲವೂ ಒಂದೇ ಆಗಿಬಿಟ್ಟವು. ಅಂದರೆ ಯಾವುದೂ ಇಲ್ಲ. ಕಣ್ಣು ಮಂಜಾದರೆ, ಕಿವಿ ಮಂದವಾದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಮೂಗು ಹೋಯಿತೆಂದರೆ ನಗುತ್ತಾರೆ. ಕೊಟ್ಟಿಗೆ ಕೆಲಸಕ್ಕೆ ಒಳ್ಳೆಯದೇ ಆಯಿತಲ್ಲ ಎಂದ ನಾದಿನಿಯ ಜೊತೆ ನಾನು ಒಂದು ಹಬ್ಬ ಪೂರ್ತಿ ಮಾತಾಡಲಿಲ್ಲ. ಅವಳಿಗೆ ಅದು ತಮಾಷೆ. ನನಗೆ, ಶೃಂಗೇರಿಯ ತವರಿಗೆ ಹೋಗಿ ದೇವರ ಮನೆಯಲ್ಲಿ ಅಪ್ಪ ಗಂಧ ತೇಯುವುದನ್ನು ನೋಡುತ್ತಾ ಕೂತರೆ, ಶಬ್ದ ಬಂದ್ ಮಾಡಿದ ಟಿ.ವಿ. ನೋಡಿದ ಹಾಗಾಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಸಿದ್ದು ಇನ್ನೊಂದು. ಜ್ವರ ಬಂದಾಗ ಮಗನಿಗೆ ಮೂರು ವರ್ಷ. ಎತ್ತಿಕೊಂಡಾಗಲೆಲ್ಲ ಅವನ ನೆತ್ತಿ ಮೂಸುವುದು ನನಗೆ ಅಭ್ಯಾಸವಾಗಿತ್ತು. ಕೊಬ್ಬರಿ ಎಣ್ಣೆ, ಬೆವರು, ಹೊಗೆ, ಜೊತೆಗೆ ಅವನದೇ ಆದ ಏನೋ ಒಂದು. ಜ್ವರ ಬಿಟ್ಟ ಮೇಲೂ ಮೂಸುತ್ತಿದ್ದೆ, ಏನೂ ಸಿಗುತ್ತಿರಲಿಲ್ಲ. ಮಗಳ ನೆತ್ತಿಯ ಪರಿಮಳ ನನಗೆ ನೆನಪಿದೆ. ಇವನದು ಬರಬರುತ್ತಾ ಮರೆತೇ ಹೋಗುತ್ತಿದೆ ಎಂದು ಗೊತ್ತಾದ ದಿನ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ಅದನ್ನು ಯಾರಿಗೆ ಹೇಳುವುದು, ಹೇಗೆ ಹೇಳುವುದು.

ಕೊಪ್ಪದ ಡಾಕ್ಟರು, ಬರಬಹುದು, ಬಾರದೆಯೂ ಇರಬಹುದು, ದಿನಾ ಒಂದಷ್ಟು ವಾಸನೆಗಳನ್ನು ಮೂಸಿ ಅಭ್ಯಾಸ ಮಾಡಿ ಎಂದಿದ್ದರು. ಸಣ್ಣ ಡಬ್ಬಿಗಳಲ್ಲಿ ಲವಂಗ, ಕಾಫಿಪುಡಿ, ಕರ್ಪೂರ, ನಿಂಬೆಹಣ್ಣಿನ ಸಿಪ್ಪೆ ಹಾಕಿಟ್ಟುಕೊಂಡು ಬೆಳಿಗ್ಗೆ ಎದ್ದವಳೇ ಮೂಸುತ್ತಿದ್ದೆ. ಮೊದಲ ವರ್ಷ ಭಕ್ತಿಯಿಂದ, ಆಮೇಲೆ ಹಟದಿಂದ, ಆಮೇಲೆ ಸುಮ್ಮನೆ. ಡಬ್ಬಿಗಳು ಈಗಲೂ ಕಿಟಕಿಯಲ್ಲಿವೆ.

ಇಷ್ಟಾದರೂ ಹೇಗೋ ನಡೆಯುತ್ತಿತ್ತು, ಮಿಡಿ ಉಪ್ಪಿನಕಾಯಿಯೊಂದು ಇಲ್ಲದಿದ್ದರೆ. ನಮ್ಮ ಕಡೆ ಉಪ್ಪಿನಕಾಯಿ ಎಂದರೆ ಎಳೆ ಮಾವಿನಮಿಡಿಯದೇ. ಅದರ ರುಚಿಯೆಲ್ಲ ಇರುವುದು ಸೊನೆಯ ಪರಿಮಳದಲ್ಲಿ. ಒಂದೊಂದು ಮರದ ಸೊನೆಗೆ ಒಂದೊಂದು ಪರಿಮಳ. ಕೊಳ್ಳುವ ಮೊದಲು ಒಂದು ಮಿಡಿಯ ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ಮೂಗಿನ ಹತ್ತಿರ ಹಿಡಿದು, ಇದು ಜೀರಿಗೆ, ಇದು ಕರ್ಪೂರ, ಇದು ಬರೀ ಹುಳಿ ಎಂದು ತೀರ್ಮಾನಿಸಬೇಕು. ಆ ಕ್ಷಣದಲ್ಲಿ ತಪ್ಪಿದರೆ ಇಡೀ ವರ್ಷದ ಭರಣಿ ತಪ್ಪಿದ ಹಾಗೆ. ನಮ್ಮತ್ತೆ ಈ ವಿಷಯದಲ್ಲಿ ಹೆಸರು ಮಾಡಿದವರು. ನಮ್ಮ ಭಂಡಿಗಡಿ ಸುತ್ತಿನ ಹೆಂಗಸರು ಮಿಡಿ ತಂದರೆ, ಉಪ್ಪು ಹಾಕುವ ಮೊದಲು ಒಂದೆರಡನ್ನು ಇವರ ಮೂಗಿಗೆ ತೋರಿಸಿ ಹೋಗುತ್ತಿದ್ದರು.

ಹಳ್ಳದ ಬದಿಯ ನಮ್ಮದೇ ಮರ ಬಿದ್ದುಹೋದ ಮೇಲೆ ಮಿಡಿ ತರುವುದು ಎನ್.ಆರ್. ಪುರದ ಮಾರ್ಕೆಟ್ಟಿನಿಂದ. ಅತ್ತೆಗೆ ಮಂಡಿ ನೋವು ಜಾಸ್ತಿಯಾಗಿ ಆ ಕೆಲಸ ನನ್ನ ತಲೆಗೆ ಬಂತು. ಹೋದ ವರ್ಷ ನಾನು ಗಾತ್ರ ನೋಡಿ, ಬಣ್ಣ ನೋಡಿ, ಮಾರುವವನ ಮುಖ ನೋಡಿ ಮಿಡಿ ತಂದೆ. ಭರಣಿ ತೆಗೆದ ದಿನ ಎಲ್ಲರೂ ಎಲೆಯ ತುದಿಗೆ ಹಾಕಿಸಿಕೊಂಡರು, ಕಚ್ಚಿದರು, ಊಟ ಮುಂದುವರಿಸಿದರು. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಹಗುರಾಗುತ್ತಿತ್ತು. ಎರಡನೇ ಸಲ ಯಾರೂ ಹಾಕಿಸಿಕೊಳ್ಳಲಿಲ್ಲ ಅಷ್ಟೆ. ಆ ಭರಣಿ ಮೆಲ್ಲಗೆ ಅಟ್ಟ ಸೇರಿತು.

ಈ ವರ್ಷ ಮಿಡಿ ಬರುವ ಹೊತ್ತಿಗೆ ಅತ್ತೆ ಒಂದು ದಾರಿ ಹುಡುಕಿದ್ದರು. ನಾಲ್ಕನೇ ಕ್ಲಾಸು ಮುಗಿಸಿದ ಮಗಳನ್ನು ಪಕ್ಕ ಕೂರಿಸಿಕೊಂಡು, ಅಕ್ಕಪಕ್ಕದವರು ತಂದ ಮಿಡಿಯ ತೊಟ್ಟು ಮುರಿಸಿ ಮುರಿಸಿ, ಅವಳಿಗೆ ಪಾಠ ಮಾಡಿದ್ದರು. ಸೊನೆ ತಾಗಿ ಅವಳ ಬೆರಳ ತುದಿ ಸುಟ್ಟು ಕಪ್ಪಾಗಿತ್ತು, ಅದನ್ನು ಎಲ್ಲರಿಗೂ ತೋರಿಸಿಕೊಂಡು ಬರುತ್ತಿದ್ದಳು. ನಾನು ಚೀಲ ಹಿಡಿದು ಹೊರಟಾಗ ಅತ್ತೆ ಹೇಳಿದರು, "ಕೂಸಿನ ಕರ್ಕಂಡು ಹೋಗು. ಅದರ ಮೂಗು ನನ್ ಮೂಗೇ."

ನನಗೆ ಸಮಾಧಾನವಾಯಿತು, ಹೊಟ್ಟೆಕಿಚ್ಚೂ ಆಯಿತು. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಪಡುವುದೇ ಎಂದು ಕೇಳಬೇಡಿ. ಆಯಿತು, ಅಷ್ಟೆ. ಅಕ್ಕ ಹೋಗುತ್ತಾಳೆ ಎಂದರೆ ತಾನೂ ಹೊರಟೆ ಎಂದು ಮಗ ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಮೇಲೆ ಆಗಲೇ ನಿಂತಿದ್ದ.

ಕೊಪ್ಪದಲ್ಲಿ ಬಸ್ಸು ಬದಲಿಸಿ ಎನ್.ಆರ್. ಪುರ ಸೇರುವಾಗ ಬಿಸಿಲು ಏರಿತ್ತು. ಸಂತೆಯ ದಿನ. ಪದ್ಧತಿಯಂತೆ ಸುತ್ತು ಹಾಕಿ ಹೂವಿನ ಬಾಗಿಲಲ್ಲಿ ಹೊಕ್ಕೆವು. ಒಳಗೆ ಎತ್ತರದ ತಗಡಿನ ಸೂರು, ಕೆಳಗೆ ಸಾಲು ಸಾಲು ಸಿಮೆಂಟಿನ ಕಟ್ಟೆಗಳು. ನನ್ನ ಮಕ್ಕಳಿಗೆ ಈ ಮಾರ್ಕೆಟ್ಟು ಇಷ್ಟ. ನಮ್ಮೂರಿನ ಅಂಗಡಿಯಲ್ಲಿ ಎಲ್ಲರೂ ಗೊತ್ತಿದ್ದವರು, ಎಲ್ಲರದೂ ಒಂದೇ ಮಾತು. ಇಲ್ಲಿ ಹೂ ಕಟ್ಟುವವರು ತಮಿಳಿನಲ್ಲಿ ಜಗಳವಾಡುತ್ತಾರೆ. ಮುಂದಿನ ಕಟ್ಟೆಯಲ್ಲಿ, ಅಜ್ಜಂದಿರ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ ಮನೆಯ ಹೆಂಗಸೊಬ್ಬರು, ಕೊರಳಲ್ಲಿ ಶಿಲುಬೆ ಹಾಕಿಕೊಂಡು, ಮರಗೆಣಸು ರಾಶಿ ಹಾಕಿ ಮಲಯಾಳದಲ್ಲಿ ಮೊಬೈಲಿನ ಜೊತೆ ಮಾತಾಡುತ್ತಿರುತ್ತಾರೆ. ಅವರ ಎದುರಿಗೆ ಹಪ್ಪಳ ಸಂಡಿಗೆಯ ಕೊಂಕಣಿ ದಂಪತಿ. ಆಚೆ ಬಯಲುಸೀಮೆಯಿಂದ ಕೂಲಿಗೆ ಬಂದು ಇಲ್ಲೇ ಉಳಿದ ಅಕ್ಕ, ಜೋಳದ ರೊಟ್ಟಿ ಪೇರಿಸಿಟ್ಟುಕೊಂಡು ಕೂತಿರುತ್ತಾಳೆ. ಕಾಫಿ ಎಸ್ಟೇಟುಗಳ ಅಸ್ಸಾಮಿನ ಹೆಂಗಸರು ರಜಾ ದಿನವೆಂದು ಒಳ್ಳೆಯ ಬಟ್ಟೆ ಹಾಕಿಕೊಂಡು ಗುಂಪಾಗಿ ಓಡಾಡುತ್ತಾರೆ. ಯಾರದು ಯಾವ ಭಾಷೆ ಎಂದು ಕಂಡುಹಿಡಿಯುವುದು ಮಕ್ಕಳ ಆಟ. ಮಗನಿಗೆ ಗೊತ್ತಾಗದ ಭಾಷೆಯೆಲ್ಲ ಹಿಂದಿ. ಅವನ ಅಕ್ಕ ತಲೆ ಚಚ್ಚಿಕೊಳ್ಳುತ್ತಾಳೆ.

ಮಿಡಿ ಮಾರುವವನು ನಡುವಿನ ಕಂಬದ ಹತ್ತಿರ ಗೋಣಿ ಬಿಚ್ಚಿಕೊಂಡು ಕೂತಿದ್ದ. ಮೂರು ಗೋಣಿ, ಮೂರು ಬೇರೆ ಮರದವು. ಆಸಾಮಿ ಸ್ವಲ್ಪ ಸಿಡುಕ. ತೊಟ್ಟು ಮುರಿದ ಮಿಡಿ ಕೊಳೆಯುತ್ತದೆ, ಭರಣಿಗೆ ಆಗುವುದಿಲ್ಲ. ಹಾಗಾಗಿ ಬಂದವರೆಲ್ಲ ಮುರಿದು ಮೂಸಿ ಹೋದರೆ ಅವನಿಗೆ ನಷ್ಟ. ಮಗಳು ಕುಕ್ಕರಗಾಲಲ್ಲಿ ಕೂತು ಮೊದಲ ಗೋಣಿಗೆ ಕೈ ಹಾಕಿದಾಗಲೇ, ಚಿಕ್ಕ ಮಕ್ಕಳ ಕೈಗೆಲ್ಲ ಕೊಡಬೇಡಿ ಎಂದು ನನ್ನ ಕಡೆ ನೋಡಿ ಹೇಳಿದ. ನನ್ನ ಮೂಗು ಹೋಗಿದೆ ಮಾರಾಯ, ಇವಳೇ ನನ್ನ ಮೂಗು ಎಂದು ಅವನಿಗೆ ಹೇಳುವ ಮನಸ್ಸಾಗಲಿಲ್ಲ. ಇವಳಿಗೆ ಅಜ್ಜಿ ಕಲಿಸಿದ್ದಾರೆ ಎಂದಷ್ಟೇ ಹೇಳಿದೆ.

ಮಗಳು ಮೊದಲನೆಯದರ ತೊಟ್ಟು ಮುರಿದಳು. ಮುಖದಿಂದ ದೂರ ಹಿಡಿದು, ಗಾಳಿಯಲ್ಲಿ ಒಮ್ಮೆ ಆಡಿಸಿ, ಆಮೇಲೆ ಮೂಗಿನ ಹತ್ತಿರ ತಂದಳು. ಥೇಟ್ ಅವಳ ಅಜ್ಜಿಯ ವರಸೆ. ಬರೀ ಹುಳಿ ಎಂದಳು. ಎರಡನೆಯದಕ್ಕೆ ಹುಬ್ಬು ಗಂಟಿಕ್ಕಿ, ಸೀಮೆಎಣ್ಣೆ ಡಬ್ಬಿ ಎಂದಳು. ಮಾರುವವನು ಇಂಥ ಮಿಡಿಗೆ ಹೆಸರಿಡುತ್ತೀಯಲ್ಲ ಎಂದು ಗೊಣಗಿದ. ಹೋದ ವರ್ಷ ನಾನು ತಂದದ್ದು ಈ ಎರಡರಲ್ಲಿ ಯಾವುದಿರಬಹುದು ಎಂದು ಯೋಚಿಸುತ್ತಾ ನಿಂತಿದ್ದೆ. ಮೂರನೆಯ ಗೋಣಿಯ ಮಿಡಿ ಸಣ್ಣದು, ಮೈಯೆಲ್ಲ ಚುಕ್ಕೆ, ನಾನಾಗಿದ್ದರೆ ಕೈಯಲ್ಲೂ ಮುಟ್ಟುತ್ತಿರಲಿಲ್ಲ. ಮಗಳು ಅದನ್ನು ಮೂಸಿದಳು. ಮತ್ತೆ ಮೂಸಿದಳು. ನಿಜವಾದ ಜೀರಿಗೆ, ಅಜ್ಜಿಯ ಹಳೇ ಭರಣಿಯದೇ ಪರಿಮಳ ಎಂದು ನನ್ನ ಕೈ ಹಿಡಿದು ಎಳೆದಳು. ಅಭ್ಯಾಸಬಲದಿಂದ ನಾನೂ ಬಗ್ಗಿ ಮೂಸಿದೆ. ಏನೂ ಇಲ್ಲ. ಅವಳ ಕಪ್ಪು ಬೆರಳು, ಅದರ ಮೇಲೊಂದು ಹನಿ, ಅಷ್ಟೇ ಕಂಡಿದ್ದು.

ತೊಟ್ಟು ಇರುವ ಮಿಡಿಗಳನ್ನೇ ಆರಿಸಿ ಚೀಲಕ್ಕೆ ಹಾಕಿಸಿಕೊಂಡು ತಿರುಗಿ ನೋಡಿದರೆ ಮಗ ಇಲ್ಲ.

ಸ್ವಲ್ಪ ಹೊತ್ತಿಗೆ ಮುಂಚೆ ಕಂಬ ಹಿಡಿದು ಸುತ್ತುತ್ತಿದ್ದ. ಈಗ ಕಂಬ ಮಾತ್ರ ಇತ್ತು. ನನಗೆ ಮೊದಲು ಬಂದದ್ದು ಸಿಟ್ಟು, ಹೆದರಿಕೆ ಆಮೇಲೆ. ಮಗಳನ್ನೂ ಚೀಲವನ್ನೂ ಮಿಡಿಯವನ ಹತ್ತಿರ ಬಿಟ್ಟು ಓಡಿದೆ. ರೊಟ್ಟಿಯ ಅಕ್ಕ ನೋಡಿಲ್ಲವೆಂದಳು. ಮರಗೆಣಸಿನವರು ಮೊಬೈಲನ್ನು ಕಿವಿಯಿಂದ ತೆಗೆಯದೇ ಕೈಯನ್ನು ಆಚೆ ಚಾಚಿ ತೋರಿಸಿದರು. ಆಚೆ ಎಂದರೆ ಮೀನಿನ ಸಾಲು. ನಾನು ಒಮ್ಮೆಯೂ ದಾಟದ ಒಂದು ಗೆರೆ ಅಲ್ಲಿ ನೆಲದ ಮೇಲೆ ಎಲ್ಲೋ ಇತ್ತು. ಎಲ್ಲಿ ದಾಟಿದೆನೋ ಗೊತ್ತಿಲ್ಲ.

ಸಾಲಿನ ಕೊನೆಯಲ್ಲಿ, ಬಾಗಿಲ ಪಕ್ಕ, ತಲೆಗೆ ಬಟ್ಟೆ ಸುತ್ತಿದ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸೊಬ್ಬಳು ಒಣಮೀನಿನ ರಾಶಿಗಳ ನಡುವೆ ಕೂತಿದ್ದಳು. ಅವಳ ಪಕ್ಕದಲ್ಲಿ, ಬೋರಲು ಹಾಕಿದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ನನ್ನ ಮಗ ರಾಜನ ಹಾಗೆ ಕೂತಿದ್ದ. ಒಣಸಿಗಡಿಯ ಮೀಸೆ ನೋಡಲು ಹೋದವನಂತೆ. ಅದಕ್ಕೆ ಮೀಸೆ ಯಾಕೆ, ಗಂಡಿಗೆ ಮಾತ್ರವಾ, ಹೆಣ್ಣಿಗೂ ಇರುತ್ತದಾ ಎಂದು ಅವಳನ್ನು ಕೇಳುತ್ತಿದ್ದ. ನನ್ನ ಮುಖ ನೋಡಿ ಅವಳಿಗೆ ನಾನು ಯಾರೆಂದೂ, ಎಂಥ ಮನೆಯವಳೆಂದೂ ಗೊತ್ತಾಗಿರಬೇಕು. ಘಟ್ಟದ ಕೆಳಗಿನ ಕನ್ನಡದಲ್ಲಿ ಹೇಳಿದಳು, "ಹೆದರ್ಬೇಡಿ ಅಕ್ಕ, ನಾನೇ ಕೂರಿಸಿದ್ದು. ಮೀನಿಗೆ ಕೈ ಹಾಕ್ಲಿಕ್ಕೆ ಬಿಡ್ಲಿಲ್ಲ. ನಿಮ್ಮ ಮನೆಯಲ್ಲಿ ಬೈತಾರೆ ಅಂತ ಗೊತ್ತುಂಟು."

ಇಷ್ಟು ಜಾಗ್ರತೆ ಮಾಡಿದವಳು, ಮಾತಾಡುತ್ತಾ ಮಾತಾಡುತ್ತಾ ತನ್ನ ಕೈಯಿಂದ ಅವನ ತಲೆ ಸವರುತ್ತಲೇ ಇದ್ದಳು.

ರಟ್ಟೆ ಹಿಡಿದು ಎಬ್ಬಿಸಿ ಎರಡು ಬಾರಿಸುವುದೇ ಎಂದು ನಾನು ಬಗ್ಗಿದೆ. ಬಗ್ಗಿದಾಗ ಮೂಗಿನ ಬುಡದಲ್ಲಿ ಏನೋ ಚುಚ್ಚಿತು. ಮೊದಲು ಸೀನು ಎಂದುಕೊಂಡೆ. ಸೀನಲ್ಲ. ಉಪ್ಪು, ಬಿಸಿಲು, ಕೊಳೆತದ್ದು, ಏನೇನೋ ಸೇರಿ ಗಂಟಲಿಗೆ ಇಳಿಯಿತು. ಚೆನ್ನಾಗಿತ್ತು ಎಂದು ಸುಳ್ಳು ಹೇಳಲಾರೆ. ನಾತ. ಮೂರು ವರ್ಷ ಲವಂಗಕ್ಕೂ ಕರ್ಪೂರಕ್ಕೂ ತೆರೆಯದ ಮೂಗು, ಬಂಗುಡೆ ಮೀನಿನ ನಾತಕ್ಕೆ ತೆರೆದಿತ್ತು.

ನಾನು ಅಲ್ಲೇ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಅವಳು ಗಾಬರಿಯಾಗಿ, ವಾಸನೆಗೆ ಹೀಗಾಯಿತು ಎಂದುಕೊಂಡು, ಪಕ್ಕದ ಗೋಣಿ ಎಳೆದು ರಾಶಿಯ ಮೇಲೆ ಹೊದಿಸಲು ಹೋದಳು. ನಾನು ಅವಳ ಕೈ ಹಿಡಿದೆ.

"ಮುಚ್ಚಬೇಡಿ" ಎಂದೆ. "ಸ್ವಲ್ಪ ಹೊತ್ತು ತೆಗೆದಿಡಿ."

ಆಮೇಲೆ ಅವಳಿಗೆ ಎಲ್ಲಾ ಹೇಳಿದೆ. ಮಿಡಿಯವನಿಗೆ ಹೇಳದ್ದನ್ನು, ನಾದಿನಿಗೆ ಹೇಳದ್ದನ್ನು, ಹೆಸರೂ ಗೊತ್ತಿಲ್ಲದ ಇವಳಿಗೆ ಯಾಕೆ ಹೇಳಿದೆನೋ ತಿಳಿಯದು. ಅವಳು ನಗಲಿಲ್ಲ. ಅವಳ ಅಣ್ಣನಿಗೂ ಹೀಗೇ ಆಗಿತ್ತಂತೆ, ಅವನಿಗೆ ಮೊದಲು ಬಂದದ್ದು ಡೀಸೆಲ್ ವಾಸನೆಯಂತೆ. ಎದ್ದು ಒಂದೊಂದೇ ರಾಶಿಯಿಂದ ಒಂದೊಂದು ಮೀನು ಎತ್ತಿ, ಮಗಳು ಮಿಡಿ ಹಿಡಿದ ಹಾಗೇ, ನನ್ನ ಮುಖದಿಂದ ಸ್ವಲ್ಪ ದೂರದಲ್ಲಿ ಹಿಡಿದು ಇದು ಬರುತ್ತದಾ, ಇದು ಬರುತ್ತದಾ ಎಂದು ಕೇಳುತ್ತಾ ಹೋದಳು. ಬಂಗುಡೆ ಬಂತು. ಸಿಗಡಿ ಸ್ವಲ್ಪ ಬಂದ ಹಾಗಾಯಿತು. ಉಳಿದವು ಬರಲಿಲ್ಲ. ಕೊಳ್ಳಲು ಬಂದ ಅಸ್ಸಾಮಿನ ಹೆಂಗಸರು ಇದೇನು ವ್ಯಾಪಾರ ಎಂದು ನಿಂತು ನೋಡುತ್ತಿದ್ದರು. ಅವಳು ಹಿಂದಿಯಲ್ಲಿ ಅವರಿಗೆ ಏನೋ ವಿವರಿಸಿದಳು. ಅವರಲ್ಲಿ ವಯಸ್ಸಾದವಳೊಬ್ಬಳು ತನ್ನ ಚೀಲದಿಂದ ಒಣಮೀನಿನ ಪೊಟ್ಟಣ ತೆಗೆದು, ಅದನ್ನೂ ಮೂಸಿ ನೋಡೆಂದು ನನ್ನ ಮುಂದೆ ಹಿಡಿದಳು.

ಆಗಲೇ ಮಗಳು ಹುಡುಕಿಕೊಂಡು ಬಂದದ್ದು. ಮಿಡಿಯವನು ಚೀಲ ಹೊತ್ತು ಅವಳ ಹಿಂದೆಯೇ ಬಂದಿದ್ದ. ಮಗು ಒಂದೇ ಬರುವುದು ಬೇಡವೆಂದು ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ ಬಂದನಂತೆ. ಮಗಳು ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು, ಅಮ್ಮ ಮೀನಿನ ನಡುವೆ ಕೂತು ಮೀನು ಮೂಸುತ್ತಿರುವುದನ್ನು ನೋಡಿ, ಭೂಮಿ ಬಾಯಿಬಿಡಬಾರದೇ ಎನ್ನುವ ಹಾಗೆ ನಿಂತಳು. ಗೊತ್ತಿದ್ದವರು ಯಾರಾದರೂ ನೋಡಿದರೆ ಎಂದು ಅವಳ ಚಿಂತೆ. ನನಗೆ ಆ ಹೊತ್ತಿನಲ್ಲಿ ಇಡೀ ಕೊಪ್ಪ ತಾಲ್ಲೂಕು ಬಂದು ನೋಡಿದ್ದರೂ ಅಡ್ಡಿಯಿರಲಿಲ್ಲ.

ಬಸ್ಸಿಗೆ ಹೊತ್ತಾಗಿತ್ತು. ಹತ್ತಿರದ ಬಾಗಿಲಿಂದಲೇ ಹೊರಗೆ ಬಂದೆವು. ಹೊರಗೆ ಬಂದ ಮೇಲೆ ಮಗ ತಿರುಗಿ ನೋಡಿ, ನಾವು ಮೀನಿನ ಬಾಗಿಲಲ್ಲಿ ಬಂದೆವು ಎಂದು ದೊಡ್ಡದಾಗಿ ಸಾರಿದ.

ಬಸ್ಸಿನಲ್ಲಿ ಮಗಳಿಗೆ ವಿಷಯ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಪಟ್ಟಳು, ಆದರೆ ಕಿಟಕಿಯ ಕಡೆ ಮುಖ ಮಾಡಿ ಕಪ್ಪಾದ ಬೆರಳ ತುದಿ ಉಜ್ಜತೊಡಗಿದಳು. ಆಮೇಲೆ ಕೇಳಿದಳು, "ಹಂಗಾರೆ ಇನ್ನು ಮಿಡಿ ನೀನೇ ಮೂಸ್ತ್ಯಾ?"

ಬೆಳಿಗ್ಗೆ ನನಗಾಗಿದ್ದ ಹೊಟ್ಟೆಕಿಚ್ಚು ಈಗ ಅವಳಿಗಾಗಿತ್ತು. ಚೀಲದಿಂದ ಒಂದು ಮಿಡಿ ತೆಗೆದು ಅವಳ ಎದುರಿಗೇ ತೊಟ್ಟು ಮುರಿದು ಮೂಸಿದೆ. ಬರಲಿಲ್ಲ. ನಿಜವಾಗಿಯೂ ಬರಲಿಲ್ಲ. ಬರೀ ಮೀನು ಬರುತ್ತದೆ ಮಾರಾಯ್ತಿ, ಮಿಡಿ ನಿನ್ನದೇ ಎಂದೆ. ಅವಳು ಮುರಿದ ಮಿಡಿಯನ್ನು ನನ್ನ ಕೈಯಿಂದ ಇಸಿದುಕೊಂಡು, ಹೀಗೆ ಸುಮ್ಮಸುಮ್ಮನೆ ಮುರಿದು ಹಾಳು ಮಾಡಬಾರದು ಎಂದು ಬುದ್ಧಿ ಹೇಳಿದಳು. ಬರದಿದ್ದರೂ ನನಗೆ ಬೇಸರವಾಗಲಿಲ್ಲ. ಒಂದು ಬಂದ ಮೇಲೆ ಇನ್ನೊಂದು ಬಾರದೇ ಇರುವುದಕ್ಕೆ ಕಾರಣವೇನಿದೆ.

ಮಗ ಮಧ್ಯದಲ್ಲಿ ಕೂತು ಆಗಲೇ ತೂಕಡಿಸುತ್ತಿದ್ದ. ತಲೆ ನನ್ನ ತೋಳಿಗೆ ಬಂದು ಒರಗಿತು. ಹೆದರಿಕೊಂಡೇ ಬಗ್ಗಿ ಮೂಸಿದೆ. ಮೀನು. ಆ ಹೆಂಗಸಿನ ಕೈ ಸವರಿದ ಕಡೆಯೆಲ್ಲ ಬಂಗುಡೆ. ಅದರ ಅಡಿಯಲ್ಲಿ ಇನ್ನೇನಾದರೂ ಇದೆಯೇ ಎಂದು ಮತ್ತೆ ಮತ್ತೆ ಮೂಸಿದೆ. ಇದ್ದ ಹಾಗೂ ಅನಿಸಿತು, ಇಲ್ಲದ ಹಾಗೂ ಅನಿಸಿತು. ಆದರೆ ಮಗನ ನೆತ್ತಿಯಲ್ಲಿ ನನ್ನ ಮೂಗಿಗೆ ಏನೋ ಒಂದು ಸಿಗುತ್ತಿತ್ತು. ಕೊಪ್ಪದವರೆಗೂ ನಾನು ತಲೆ ಎತ್ತಲಿಲ್ಲ. ಮುಂದಿನ ಸೀಟಿನವರು ಎದ್ದು ಹಿಂದೆ ಹೋಗಿ ಕೂತದ್ದು ಮಾತ್ರ ಗೊತ್ತಾಯಿತು.

ಮನೆ ಮುಟ್ಟುವಾಗ ಸಂಜೆ. ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂತು ದಾರಿ ನೋಡುತ್ತಿದ್ದರು. ಮಗಳು ಓಡಿ ಹೋಗಿ ಮಿಡಿ ಕೊಟ್ಟಳು. ಅತ್ತೆ ಮೂಸಿ, ಜೀರಿಗೆಯೇ ಎಂದು ಅವಳ ಬೆನ್ನು ತಟ್ಟಿದರು. ತಟ್ಟಿದ ಕೈ ಹಾಗೇ ನಿಂತಿತು. ಮಗನನ್ನು ಎತ್ತಿಕೊಂಡು ನಾನು ಇನ್ನೂ ಮೆಟ್ಟಿಲ ಕೆಳಗಿದ್ದೆ. ಅಷ್ಟು ದೂರದಿಂದಲೇ ಅವರಿಗೆ ಗೊತ್ತಾಗಿತ್ತು. ಆ ಮೂಗೆಂದರೆ ಮೂಗು.

"ಎಂತದೇ ಇದು ನಾತ? ಮಾಣಿನ ಸೀದಾ ಬಚ್ಚಲಿಗೆ ಕಳ್ಸು, ನೀರು ಕಾದಿದ್ದು. ಒಳಗೆ ತರದು ಬ್ಯಾಡ."

ಬೇರೆ ದಿನವಾಗಿದ್ದರೆ ಅವರು ಹೇಳುವ ಮೊದಲೇ ನಾನೇ ಅವನನ್ನು ಬಚ್ಚಲಿಗೆ ನೂಕಿರುತ್ತಿದ್ದೆ. ಈಗ ಕಾಲು ಏಳಲಿಲ್ಲ. ಅವನ ತಲೆಗೆ ಸೀಗೆಪುಡಿ ಹಾಕಿ ತಿಕ್ಕಿದರೆ ನನಗೆ ಮತ್ತೆ ಏನೂ ಉಳಿಯುವುದಿಲ್ಲ ಎಂದು ಭಯವಾಯಿತು. ನಾಳೆಗೆ ಇದೂ ಬಾರದಿದ್ದರೆ?

"ಅತ್ತೆ," ಎಂದೆ, "ನಂಗೂ ಬತ್ತಾ ಇದ್ದು."

ಅತ್ತೆಗೆ ತಕ್ಷಣ ಅರ್ಥವಾಗಲಿಲ್ಲ. ನನ್ನನ್ನು ನೋಡಿದರು, ಮಗನ ತಲೆಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ನಲವತ್ತು ವರ್ಷ ಆ ಮೀನಿನ ಬಾಗಿಲು ತಪ್ಪಿಸಲು ಸುತ್ತು ಹಾಕಿಕೊಂಡು ಹೋದವರು ಅವರು. ಕೈಯಲ್ಲಿದ್ದ ಮಿಡಿಯನ್ನು ಕೆಳಗಿಟ್ಟು, ಸೆರಗಿನಿಂದ ಮೂಗನ್ನು ಒತ್ತಿ ಹಿಡಿದುಕೊಂಡು, ಜಗಲಿಯ ತುದಿಗೆ ಸರಿದು ತಮ್ಮ ಪಕ್ಕದಲ್ಲಿ ನಮ್ಮಿಬ್ಬರಿಗೂ ಜಾಗ ಮಾಡಿದರು.

"ಹಂಗಾರೆ ಕೂತ್ಕ," ಎಂದರು. "ನೀರು ಕಾಯ್ತಾ ಇರ್ಲಿ."